ಉಳಿದ ನೂರು ಮೀಟರ್

ನಾನು ಈಜುವುದನ್ನು ಅರ್ಧಕ್ಕೇ ಬಿಟ್ಟು ಮೇಲೆ ಹತ್ತಿ ಬಂದವಳು ಅಂತ ಶಿವಮೊಗ್ಗದಲ್ಲಿ ಈಗಲೂ ಕೆಲವರು ನಂಬಿದ್ದಾರೆ. ನಾನು ಬಿಟ್ಟು ಬಂದಿಲ್ಲ. ಈ ಒಂದು ಮಾತನ್ನು ಸಮಾಧಾನವಾಗಿ ಹೇಳಲು ಇವತ್ತಿಗೂ ನನ್ನಿಂದ ಆಗುವುದಿಲ್ಲ. ಹೇಳಲು ಹೊರಟರೆ ಹಲ್ಲು ಬಿಗಿಯುತ್ತದೆ, ದನಿ ಏರುತ್ತದೆ, ಎದುರಿಗಿದ್ದವರು ಪಾಪ ಅನ್ನುವ ಮುಖ ಮಾಡುತ್ತಾರೆ. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ನಮ್ಮ ಮನೆ ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದರು. ನನಗೆ ಈಜು ಕಲಿಸಿದ್ದು ಅಮ್ಮ. ಇದನ್ನು ಎಷ್ಟು ಸಲ ಹೇಳಿದರೂ ಯಾರ ಕಿವಿಗೂ ಹೋಗುತ್ತಿರಲಿಲ್ಲ. ನಾನು ಆಯ್ಕೆಯಾದಾಗ ಮನೆಗೆ ಬಂದ ಪತ್ರಿಕೆಯವನು ಕೂಡ ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು ಹೋಗಿ, ತಂದೆಯ ಪ್ರೋತ್ಸಾಹವೇ ಕಾರಣ ಅಂತ ಬರೆದ. ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಸೊಂಟದುದ್ದದ ನೀರಿಗಿಳಿದರೂ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಅಮ್ಮನ ತವರು ಗಾಜನೂರಿನ ಹತ್ತಿರ. ಅವಳ ಮನೆಯವರೆಲ್ಲ ಕೂಲಿ ಮಾಡಿ ಬದುಕಿದವರು. ಹೊಳೆಯಾಚೆಯ ಗದ್ದೆಗೆ ಕಳೆ ಕೀಳಲು ಹೋಗುವಾಗ ದೋಣಿ ಸಿಗದಿದ್ದರೆ ಬುತ್ತಿಯನ್ನು ತಲೆಗೆ ಕಟ್ಟಿಕೊಂಡು ಈಜಿಯೇ ದಾಟುತ್ತಿದ್ದಳಂತೆ. ಮದುವೆಯಾದ ಮೇಲೆ ಹತ್ತು ವರ್ಷ ನೀರಿಗೆ ಇಳಿದಿರಲಿಲ್ಲ. ನನಗೆ ಎಂಟು ತುಂಬಿದ ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ, ನನ್ನ ಕೈ ಹಿಡಿದು ಅಲ್ಲಿಯ ಅಣೆಕಟ್ಟಿನ ಹಿನ್ನೀರಿಗೆ ಇಳಿದಳು. ಜೋರಾಗಿ ಹೋಗುವುದನ್ನು ಅವಳು ಯಾವತ್ತೂ ಕಲಿಸಲಿಲ್ಲ. ಉಸಿರು ಕಟ್ಟದ ಹಾಗೆ, ಕೈ ಸೋಲದ ಹಾಗೆ, ಆಚೆ ದಡ ಕಾಣುವವರೆಗೂ ಹೋಗುವುದನ್ನು ಕಲಿಸಿದಳು. ನನಗೆ ಬಂದದ್ದು ಅದೊಂದೇ.

ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ನನ್ನ ಹೆಸರನ್ನು ಎಂಟುನೂರು ಮೀಟರ್ ಫ್ರೀಸ್ಟೈಲಿಗೆ ಬರೆಸಿದರು. ಜಿಲ್ಲೆಯಲ್ಲಿ ಅದಕ್ಕೆ ಬೇರೆ ಯಾವ ಹುಡುಗಿಯೂ ಇರಲಿಲ್ಲ. ಒಬ್ಬಳೇ ಈಜಿ ಗೆದ್ದೆ. ಮುಂದಿನ ವರ್ಷ ರಾಜ್ಯ ಮಟ್ಟದಲ್ಲಿ ಆರು ಜನರ ಜೊತೆ ಈಜಿಯೂ ಗೆದ್ದೆ. ಅಲ್ಲಿಂದ ನಿಜವಾದ ಅಭ್ಯಾಸ ಬೇಕಾಯಿತು, ಕೊಳ ಬೇಕಾಯಿತು.

ಶಿವಮೊಗ್ಗದ ಕೊಳದಲ್ಲಿ ಹೆಂಗಸರಿಗೆ ಇದ್ದದ್ದು ದಿನಕ್ಕೆ ಮುಕ್ಕಾಲು ಗಂಟೆ. ಬೆಳಿಗ್ಗೆ ಹತ್ತರಿಂದ ಹತ್ತೂಮುಕ್ಕಾಲು. ಅದಕ್ಕೆ ಲೇಡೀಸ್ ಬ್ಯಾಚ್ ಅಂತ ಹೆಸರು. ಬೆಳಗಿನ ತಂಪು ಹೊತ್ತು, ಸಂಜೆ ಹೊತ್ತು, ಭಾನುವಾರ ಪೂರ್ತಿ ಗಂಡಸರದ್ದು. ದೂರದ ಈಜಿನವಳಿಗೆ ಮುಕ್ಕಾಲು ಗಂಟೆ ಅಂದರೆ ಮೈ ಬಿಸಿಯಾಗುವುದಕ್ಕೇ ಸರಿಹೋಗುತ್ತದೆ. ಅಷ್ಟರಲ್ಲಿಯೇ ಮಕ್ಕಳು, ಟ್ಯೂಬು ಹಿಡಿದ ತಾಯಂದಿರು, ಕಾಲೇಜು ಹುಡುಗಿಯರು ಎಲ್ಲರೂ ತುಂಬಿರುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರಿಗೂ ಇದ್ದದ್ದು ಅದೇ ಮುಕ್ಕಾಲು ಗಂಟೆ. ಹತ್ತೂಮುಕ್ಕಾಲಿಗೆ ಕಾವಲಿನವನು ಪೀಪಿ ಊದಿದರೆ ಎಲ್ಲರೂ ಎದ್ದು, ಟವೆಲ್ ಹೊದ್ದು, ತಲೆ ತಗ್ಗಿಸಿಕೊಂಡು ಗೇಟಿನ ಹೊರಗೆ ಕಾಯುತ್ತಿದ್ದ ಗಂಡಸರ ನಡುವೆ ಹಾದು ಹೋಗಬೇಕಿತ್ತು.

ಅಮ್ಮ ಕೊಳದ ಸೆಕ್ರೆಟರಿಯ ಹತ್ತಿರ ಹೋಗಿ, ಬೆಳಿಗ್ಗೆ ಆರಕ್ಕೆ ಒಂದು ಮೂಲೆಯ ಲೇನ್ ಕೊಡಿ ಅಂತ ಕೇಳಿದಳು. ಅವರು ಮರ್ಯಾದೆಯಿಂದಲೇ ಮಾತಾಡಿದರು. ಹುಡುಗಿಗೆ ಅಷ್ಟು ದೂರದ್ದು ಯಾಕೆ, ಐವತ್ತು ಮೀಟರ್ ಈಜಲಿ, ನೋಡುವುದಕ್ಕೂ ಚೆನ್ನಾಗಿರುತ್ತದೆ ಅಂದರು. ಲೇನ್ ಕೊಡಲಿಲ್ಲ. ಹಾಗಾಗಿ ವಾರವೆಲ್ಲ ಆ ಮುಕ್ಕಾಲು ಗಂಟೆ, ಭಾನುವಾರ ಗಾಜನೂರಿನ ಹಿನ್ನೀರು. ಕೊಳದಲ್ಲಿ ಅಮ್ಮ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳ ಗೆಣ್ಣಿನ ಮೇಲೆ ನನ್ನ ಲ್ಯಾಪ್ ಎಣಿಸುತ್ತಿದ್ದಳು. ಹಿನ್ನೀರಿನಲ್ಲಿ ಎಣಿಸುವುದಕ್ಕೆ ಏನೂ ಇರಲಿಲ್ಲ. ಅಲ್ಲಿ ಅವಳು ದಡದ ಮೇಲೆ ನನ್ನ ಸಮಕ್ಕೆ ನಡೆಯುತ್ತಿದ್ದಳು.

ಇಷ್ಟರಲ್ಲೇ, ಬೆಂಗಳೂರಿನ ಎರಡು ಬೇಸಿಗೆ ಶಿಬಿರ ಸೇರಿ, ನಾನು ಹತ್ತೊಂಬತ್ತನೇ ವಯಸ್ಸಿಗೆ ದೇಶದ ತಂಡಕ್ಕೆ ಆಯ್ಕೆಯಾದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಪೂರ್ವದ ಕಡೆಯ ಒಂದು ದೇಶದಲ್ಲಿ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ಇತ್ತು. ನಾನು ಮೊದಲ ಸಲ ವಿಮಾನ ಹತ್ತಿದ್ದು, ಮೊದಲ ಸಲ ಐವತ್ತು ಮೀಟರ್ ಕೊಳದ ಎಂಟೂ ಲೇನ್ ಖಾಲಿ ಇರುವುದನ್ನು ಕಂಡದ್ದು ಆಗಲೇ. ತಂಡದಲ್ಲಿ ಹೆಂಗಸು ಕೋಚ್ ಇರಲಿಲ್ಲ. ನಮ್ಮ ಮ್ಯಾನೇಜರ್ ಬೆಂಗಳೂರಿನವರು, ಐವತ್ತು ದಾಟಿದವರು. ಶಿಬಿರದಲ್ಲಿ ನನ್ನನ್ನು ಒಂದು ಸಲವೂ ಗದರಿಸಿರಲಿಲ್ಲ. ಅವರು ಒಳ್ಳೆಯವರು ಅಂತ ನಾನು ಅಮ್ಮನಿಗೆ ಕಾಗದವನ್ನೂ ಬರೆದಿದ್ದೆ.

ಆ ಕೊಳದಲ್ಲಿ ಎಂಟುನೂರು ಮೀಟರ್ ಅಂದರೆ ಹದಿನಾರು ಲ್ಯಾಪ್. ಮುಖ ನೀರಿನಲ್ಲಿರುವುದರಿಂದ ಈಜುವವರಿಗೆ ಲೆಕ್ಕ ತಪ್ಪಬಾರದು ಅಂತ ಪ್ರತಿ ಲೇನಿಗೂ ಒಬ್ಬರು ಎಣಿಸುವವರು ಇರುತ್ತಾರೆ. ಕೊನೆಯ ಎರಡು ಲ್ಯಾಪ್ ಉಳಿದಾಗ ಅವರು ಆ ಲೇನಿನ ತುದಿಯಲ್ಲಿ ನಿಂತು ಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದ ಮೇಲೆ ಮೈಯಲ್ಲಿ ಇರುವುದನ್ನೆಲ್ಲ ಸುರಿದುಬಿಡುವುದು. ಎಲ್ಲ ದೇಶದವರೂ ಕಲಿಯುವುದು ಇದನ್ನೇ.

ನಾನಿದ್ದದ್ದು ಎಂಟನೇ ಲೇನಿನಲ್ಲಿ, ಗೋಡೆಯ ಪಕ್ಕ. ನಾಲ್ಕನೇ ಲೇನಿನ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ನಾನು ಎಲ್ಲರಿಗಿಂತ ಹಿಂದೆ. ನಾಲ್ಕುನೂರು ಮೀಟರ್ ಆಗುವಷ್ಟರಲ್ಲಿ ಅದು ನನಗೆ ಗೊತ್ತಾಗಿತ್ತು, ಅದರಲ್ಲಿ ನಾಚಿಕೆಯೇನೂ ಅನಿಸಿರಲಿಲ್ಲ. ದಿನಕ್ಕೆ ಎರಡು ಹೊತ್ತು ಈಜಿ ಬಂದವರ ಪಕ್ಕ ನಾನು ಮುಕ್ಕಾಲು ಗಂಟೆಯವಳು. ನನಗೆ ಬೇಕಾಗಿದ್ದದ್ದು ನನ್ನದೇ ಟೈಮಿಂಗ್. ಅವತ್ತು ಕೈ ಹಗುರವಾಗಿತ್ತು. ಆಮೇಲೆ ಕೊಟ್ಟ ಹಾಳೆಯಲ್ಲಿ ನೋಡಿದೆ, ಏಳುನೂರು ಮೀಟರಿಗೆ ಬರುವಾಗ ನನ್ನ ಹಿಂದಿನ ಎಲ್ಲ ಈಜಿಗಿಂತ ಏಳು ಸೆಕೆಂಡು ಮುಂದಿದ್ದೆ.

ನಾನು ಆರುನೂರು ಮುಗಿಸಿ ತುದಿಗೆ ಬರುವಾಗಲೇ ಆ ನಾಲ್ಕನೇ ಲೇನಿನವಳು ಏಳುನೂರು ಮುಗಿಸಿ ಅದೇ ತುದಿಗೆ ಬಂದಳು. ಅವಳಿಗೆ ಗಂಟೆ ಬಾರಿಸಿತು. ಅದೇ ಕ್ಷಣಕ್ಕೆ ನನ್ನ ತಲೆಯ ಮೇಲೂ ಗಂಟೆ ಬಾರಿಸಿತು. ನನ್ನ ಲೇನಿನಲ್ಲಿ ಎಣಿಸುತ್ತಿದ್ದವಳು ಆ ಊರಿನ ಕಾಲೇಜು ಹುಡುಗಿ, ನಾಲ್ಕನೇ ಲೇನಿನವರು ಬಾರಿಸಿದ್ದನ್ನು ಕಂಡು ಗಾಬರಿಯಲ್ಲಿ ತಾನೂ ಬಾರಿಸಿದ್ದಳು.

ನನ್ನ ತಲೆಯೊಳಗಿನ ಲೆಕ್ಕ ಹನ್ನೆರಡು ಅನ್ನುತ್ತಿತ್ತು. ಅದು ನನಗೆ ಸ್ಪಷ್ಟವಾಗಿ ನೆನಪಿದೆ. ಹನ್ನೆರಡು, ಇನ್ನು ನಾಲ್ಕಿದೆ. ಆದರೆ ಗಂಟೆ ಎರಡು ಅಂದಿತು. ಅಷ್ಟು ದೊಡ್ಡ ಕೊಳ, ಬಿಳಿ ಬಟ್ಟೆ ಹಾಕಿದ ಅಷ್ಟು ಜನ ಅಧಿಕಾರಿಗಳು, ಅವರು ತಪ್ಪು ಮಾಡುತ್ತಾರೆಯೇ, ನಾನೇ ಎಲ್ಲೋ ಮರೆತಿದ್ದೇನೆ ಅಂದುಕೊಂಡೆ. ನನ್ನ ಲೆಕ್ಕವನ್ನು ಬಿಟ್ಟು ಅವರ ಗಂಟೆಯನ್ನು ನಂಬಿದೆ. ಈ ಇಡೀ ವಿಷಯದಲ್ಲಿ ನನ್ನ ಮೇಲೆ ನನಗೆ ಸಿಟ್ಟಿರುವುದು ಇದೊಂದಕ್ಕೇ. ಆಚೆ ತುದಿಯಲ್ಲಿ ಲ್ಯಾಪ್ ತೋರಿಸುವ ಬೋರ್ಡ್ ಇತ್ತಲ್ಲ, ಅದನ್ನು ಯಾಕೆ ನೋಡಲಿಲ್ಲ ಅಂತ ಆಮೇಲೆ ಬಹಳ ಜನ ಕೇಳಿದರು. ಗಂಟೆ ಕೇಳಿದ ಮೇಲೆ ಯಾರೂ ಬೋರ್ಡ್ ನೋಡುವುದಿಲ್ಲ.

ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ನೂರು ಮೀಟರ್ ಈಜಿ ಗೋಡೆ ಮುಟ್ಟಿದೆ. ಗಾಗಲ್ಸ್ ತೆಗೆದೆ. ಆ ಹುಡುಗಿ ನಗುತ್ತಾ ಕೈ ನೀಡಿ ಮೇಲೆ ಹತ್ತಿಸಿಕೊಂಡಳು, ಟವೆಲ್ ಕೂಡ ಕೊಟ್ಟಳು. ಹಿಂತಿರುಗಿ ನೋಡಿದರೆ ಐದನೇ ಲೇನಿನವಳು, ಏಳನೇ ಲೇನಿನವಳು ಇನ್ನೂ ಈಜುತ್ತಿದ್ದರು. ಅವರು ನನಗಿಂತ ಎಷ್ಟೋ ಮುಂದೆ ಇದ್ದವರು. ಹಾಗಾದರೆ ನನ್ನ ಲೆಕ್ಕವೇ ಸರಿಯಿತ್ತು. ಒಬ್ಬ ಅಧಿಕಾರಿ ಬಂದು ಆ ಹುಡುಗಿಯ ಕೈಯಲ್ಲಿದ್ದ ಹಾಳೆಯನ್ನು ಎಳೆದುಕೊಂಡು ನೋಡಿದ. ದೊಡ್ಡ ಪರದೆಯ ಮೇಲೆ ನನ್ನ ಹೆಸರಿನ ಮುಂದೆ ಅನರ್ಹ ಅಂತ ಬಂತು. ಕಾರಣ, ದೂರ ಪೂರ್ತಿ ಮಾಡಿಲ್ಲ.

ಆ ಹುಡುಗಿ ಅಳುತ್ತಾ ನನ್ನ ಹಿಂದೆಯೇ ಬಂದಳು. ಅವಳಿಗೂ ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ತನ್ನ ಎದೆ ಮುಟ್ಟಿಕೊಂಡು ತಪ್ಪು ನನ್ನದು ಅಂತ ಮತ್ತೆ ಮತ್ತೆ ಹೇಳಿದಳು. ಹಾಳೆಯ ಮೇಲೆ ಹನ್ನೆರಡು ಗೀಟು ಇದ್ದವು, ಹದಿಮೂರನೆಯದರ ಜಾಗದಲ್ಲೇ ಗಂಟೆಯ ಗುರುತು ಹಾಕಿದ್ದಳು. ಬೇರೆ ದೇಶದ ಒಬ್ಬ ಹೆಂಗಸು ಕೋಚ್ ಇದನ್ನೆಲ್ಲ ನೋಡುತ್ತಿದ್ದವರು ಹತ್ತಿರ ಬಂದು, ಅರ್ಧ ಗಂಟೆಯ ಒಳಗೆ ನಿಮ್ಮ ಮ್ಯಾನೇಜರ್ ಲಿಖಿತ ದೂರು ಕೊಡಲಿ, ಅಧಿಕಾರಿಯ ತಪ್ಪಾದ್ದರಿಂದ ನಾಳೆ ಬೆಳಿಗ್ಗೆ ನಿನಗೆ ಒಬ್ಬಳಿಗೇ ಮತ್ತೆ ಈಜಲು ಬಿಡಬಹುದು ಅಂತ ನಿಧಾನವಾಗಿ, ಅರ್ಥವಾಗುವ ಹಾಗೆ ಹೇಳಿದರು.

ಮ್ಯಾನೇಜರನ್ನು ಹುಡುಕುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಅವರು ಮೇಲಿನ ಗಣ್ಯರ ಕೋಣೆಯಲ್ಲಿ ಆತಿಥೇಯರ ಜೊತೆ ಚಹಾ ಕುಡಿಯುತ್ತಿದ್ದರು. ನಾನು ಒದ್ದೆ ಮೈಯಲ್ಲೇ ಬಾಗಿಲ ಹತ್ತಿರ ನಿಂತೆ. ನನಗೆ ಬಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ತಂದಿದ್ದೆ. ಅವರು ಹೊರಗೆ ಬಂದು ಅದನ್ನು ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು.

"ನೋಡಮ್ಮ, ಇದು ಅವರ ದೇಶ. ನಾವು ಅತಿಥಿಗಳಾಗಿ ಬಂದಿದೀವಿ. ಗಲಾಟೆ ಬೇಡ" ಅಂದರು.

"ಗಲಾಟೆ ಅಲ್ಲ ಸಾರ್. ಎಣಿಸಿದವಳೇ ತಪ್ಪು ಒಪ್ಪಿಕೊಂಡಿದಾಳೆ. ಕೆಳಗೆ ನಿಂತಿದಾಳೆ. ನೀವು ಒಂದು ಸಹಿ ಹಾಕಿದ್ರೆ ಸಾಕು."

ಅವರು ನನ್ನ ಭುಜ ತಟ್ಟಿದರು. ಸಿಟ್ಟು ಮಾಡಿಕೊಂಡು ಬೈದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

"ಹೇಗಿದ್ರೂ ನೀನು ಕೊನೇಲೇ ಇದ್ದೆಯಲ್ಲ. ಪೂರ್ತಿ ಈಜಿದ್ರೂ ಕೊನೆ, ಈಜದಿದ್ರೂ ಕೊನೆ. ಹೋಗು, ಬಟ್ಟೆ ಬದಲಾಯಿಸ್ಕೋ, ನೆಗಡಿ ಆಗುತ್ತೆ."

ನಾನು ಸರಿ ಸಾರ್ ಅಂದೆ. ಹೌದು, ಅಂದೆ. ಹದಿನೈದು ನಿಮಿಷ ಇನ್ನೂ ಬಾಕಿ ಇತ್ತು. ಕೆಳಗಿಳಿದು ಬಂದಾಗ ಆ ಹುಡುಗಿ ಹಾಳೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನಾನು ತಲೆಯಾಡಿಸಿದೆ. ಅವಳಿಗೆ ಅರ್ಥವಾಗಲಿಲ್ಲ, ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು.

ನಾನು ಊರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಬಳಲಿಕೆಯಿಂದಾಗಿ ಅರ್ಧದಲ್ಲೇ ಈಜು ನಿಲ್ಲಿಸಿದರು ಎಂದು ತಂಡದ ಮ್ಯಾನೇಜರ್ ತಿಳಿಸಿದ್ದಾರೆ ಅಂತ ಪತ್ರಿಕೆಯ ಒಳಪುಟದಲ್ಲಿ ಮೂರು ಸಾಲು. ಅದನ್ನು ಕತ್ತರಿಸಿ ಪಕ್ಕದ ಮನೆಯ ತಮಿಳು ಮಾಮಿ ಎತ್ತಿಟ್ಟಿದ್ದರು, ನನ್ನ ಹೆಸರು ಬಂದಿದೆ ಅನ್ನುವ ಪ್ರೀತಿಯಿಂದ. ಕಾಲೇಜಿನಲ್ಲಿ ಇಟ್ಟುಕೊಂಡಿದ್ದ ಸನ್ಮಾನವನ್ನು ಮುಂದಕ್ಕೆ ಹಾಕಿದರು, ಆಮೇಲೆ ಅದರ ಮಾತೇ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗುರುತಿನವರೊಬ್ಬರು, ಪರವಾಗಿಲ್ಲ ಮಾರಾಯ್ತಿ, ಅಷ್ಟು ದೂರ ಹೆಣ್ಣುಮಕ್ಕಳಿಗೆ ಕಷ್ಟವೇ ಅಂತ ಸಮಾಧಾನ ಹೇಳಿದರು. ಅವರಿಗೆ ನಾನು ನಡೆದದ್ದನ್ನು ವಿವರಿಸಿದೆ. ಎಲ್ಲ ಕೇಳಿ, ಪರವಾಗಿಲ್ಲ ಬಿಡು ಅಂತ ಅದನ್ನೇ ಮತ್ತೆ ಹೇಳಿದರು.

ಅಪ್ಪನೂ ಅದನ್ನೇ ಹೇಳಿದರು. ಸ್ಪೋರ್ಟ್ಸ್ ಕೋಟಾದಲ್ಲಿ ಎಲ್ಲಾದರೂ ಕೆಲಸ ಸಿಗಬಹುದು, ದೊಡ್ಡವರನ್ನು ಎದುರು ಹಾಕಿಕೊಳ್ಳಬೇಡ ಅನ್ನುವುದು ಅವರ ಭಯ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕಬ್ಬಿಣದ ತುಂಡನ್ನು ವಾಪಸ್ ಕಳಿಸುತ್ತಿದ್ದ ಮನುಷ್ಯ. ನೂರು ಮೀಟರ್ ತಪ್ಪಿದ್ದನ್ನು ಹೋಗಲಿ ಬಿಡು ಅಂದಾಗ ನಾನು ತಟ್ಟೆ ಸರಿಸಿ ಎದ್ದೆ. 

ಅಮ್ಮ ಮಾತ್ರ ಹೋಗಲಿ ಬಿಡು ಅನ್ನಲಿಲ್ಲ.  ಎರಡನೇ ದಿನ ಅಕ್ಕಿ ಆರಿಸುತ್ತಾ, "ಎಷ್ಟು ಉಳಿದಿತ್ತು?" ಅಂದಳು.

"ಎರಡು ಲ್ಯಾಪ್. ನೂರು ಮೀಟರ್."

"ನಾಳೆ ಹೋಗೋಣ. ಪೂರ್ತಿ ಈಜು. ನಾನು ಎಣಿಸ್ತೀನಿ."

ಮಾರನೇ ದಿನ ಬಸ್ಸು ತಡವಾಗಿ ಹತ್ತೂ ಇಪ್ಪತ್ತಕ್ಕೆ ಕೊಳ ತಲುಪಿದೆವು. ಒಳಗೆ ಮಕ್ಕಳು ತುಂಬಿದ್ದರು. ಅಮ್ಮ ಒಬ್ಬೊಬ್ಬರ ಹತ್ತಿರವೂ ಹೋಗಿ ಮಾತಾಡಿ ಗೋಡೆಯ ಪಕ್ಕದ ಜಾಗ ಬಿಡಿಸಿಕೊಳ್ಳುವ ಹೊತ್ತಿಗೆ ಹತ್ತೂ ನಲವತ್ತಾಗಿತ್ತು. ಅಲ್ಲಿಯ ಕೊಳ ಇಪ್ಪತ್ತೈದು ಮೀಟರಿನದು, ಎಂಟುನೂರು ಅಂದರೆ ಮೂವತ್ತೆರಡು ಲ್ಯಾಪ್. ಅಷ್ಟು ಹೊತ್ತು ಉಳಿದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅಮ್ಮ ಇಳಿ ಅಂದಳು. ಇಳಿದೆ.

ಹದಿನಾಲ್ಕನೇ ಲ್ಯಾಪಿನಲ್ಲಿ ಪೀಪಿ ಕೇಳಿಸಿತು. ನಿಲ್ಲಲಿಲ್ಲ. ಒಂದು ಸಲ ಬೇರೆಯವರ ಗಂಟೆಗೆ ನಿಂತಿದ್ದೆ, ಅಷ್ಟು ಸಾಕಾಗಿತ್ತು. ಆಮೇಲೆ ದಡದ ಮೇಲೆ ನಡೆದದ್ದನ್ನು ನನಗೆ ಹೇಳಿದವರು ಅಲ್ಲಿದ್ದ ಹೆಂಗಸರು. ಸೆಕ್ರೆಟರಿ ಬಂದು ನನ್ನನ್ನು ಮೇಲೆ ಕರೆಯಲು ಹೇಳಿದರಂತೆ. ಅಮ್ಮ ಬೆರಳ ಮೇಲಿನ ಹೆಬ್ಬೆರಳನ್ನು ತೆಗೆಯದೆ, "ಇನ್ನು ಹದಿನೈದಿದೆ. ಮುಗಿಸಿ ಬರ್ತಾಳೆ" ಅಂದಳಂತೆ. ಗೇಟಿನ ಹೊರಗೆ ಕಾಯುತ್ತಿದ್ದ ಗಂಡಸರು ಒಳಗೆ ಬಂದು ನಿಂತರು. ಒಬ್ಬ ತಮಾಷೆಗೋ ಹಟಕ್ಕೋ ನನ್ನ ಎದುರಿಗೇ ಧುಮುಕಿದ. ಅವನ ಮೊಣಕೈ ನನ್ನ ಬಾಯಿಗೆ ಬಡಿಯಿತು. ತುಟಿ ಒಡೆದು ಬಾಯೊಳಗೆ ರಕ್ತದ ರುಚಿ ಬಂತು. ನಾನು ಅವನನ್ನು ಎರಡು ಕೈಯಿಂದಲೂ ದೂಡಿದೆ. ಜೀವನದಲ್ಲಿ ಮೊದಲ ಸಲ ಒಬ್ಬ ಗಂಡಸಿನ ಮೈಮೇಲೆ ಕೈ ಮಾಡಿದ್ದು. ದೂಡಿ ಮತ್ತೆ ಈಜಲು ಶುರುಮಾಡಿದೆ.

ಅಷ್ಟು ಹೊತ್ತಿಗೆ ಬಟ್ಟೆ ಬದಲಾಯಿಸಲು ಹೊರಟಿದ್ದ ಇಬ್ಬರು ಹೆಂಗಸರು ಟವೆಲ್ ಹೊದ್ದುಕೊಂಡೇ ವಾಪಸ್ ಬಂದು ಅಮ್ಮನ ಪಕ್ಕ ನಿಂತಿದ್ದರು. ಆಮೇಲೆ ಯಾರೂ ಧುಮುಕಲಿಲ್ಲ. ಗೋಡೆ ಮುಟ್ಟಿದಾಗ ಅಮ್ಮ ಬಗ್ಗಿ, "ಮೂವತ್ತೆರಡು. ಬಾ" ಅಂದಳು. ಟೈಮಿಂಗ್ ಯಾರೂ ನೋಡಿರಲಿಲ್ಲ. ನೋಡಿದ್ದರೂ ಕೆಟ್ಟದಾಗಿಯೇ ಇರುತ್ತಿತ್ತು.

ವಾರದೊಳಗೆ ಕೊಳದ ಕಮಿಟಿಯಿಂದ ಕಾಗದ ಬಂತು. ಅಶಿಸ್ತಿನ ಕಾರಣಕ್ಕೆ ನನ್ನ ಸದಸ್ಯತ್ವ ರದ್ದು. ಧುಮುಕಿದವನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಆ ಇಬ್ಬರು ಹೆಂಗಸರು ಸುಮ್ಮನಿರದೆ ಸಹಿ ಸಂಗ್ರಹ ಮಾಡಿ ಅರ್ಜಿ ಕೊಟ್ಟರು. ಒಂದು ವರ್ಷ ಅಲೆದ ಮೇಲೆ ಲೇಡೀಸ್ ಬ್ಯಾಚನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಾಡಿದರು. ಆ ಹದಿನೈದು ನಿಮಿಷದಲ್ಲಿ ನಾನು ಒಂದು ದಿನವೂ ಈಜಲಿಲ್ಲ. ನನಗೆ ಪ್ರವೇಶವೇ ಇರಲಿಲ್ಲ.

ಹಿನ್ನೀರಿನಲ್ಲಿ ಇನ್ನೊಂದು ವರ್ಷ ಅಭ್ಯಾಸ ಮಾಡಿದೆ. ಮುಂದಿನ ಆಯ್ಕೆಯಲ್ಲಿ ನನ್ನ ಹೆಸರಿನ ಎದುರು, ಹಿಂದಿನ ಚಾಂಪಿಯನ್‌ಶಿಪ್‌ನಲ್ಲಿ ದೂರ ಪೂರ್ತಿ ಮಾಡಿಲ್ಲ ಅಂತ ಬರೆದಿದ್ದರು. ಅದನ್ನು ತಿದ್ದಿಸಲು ಆಯ್ಕೆ ಮಾಡುವ ಈಜು ಸಂಸ್ಥೆಗೆ ಮೂರು ಸಲ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಹಾಕಿದೆ. ಮೂರಕ್ಕೂ ಉತ್ತರ ಬರಲಿಲ್ಲ. ಇಪ್ಪತ್ತೊಂದನೇ ವಯಸ್ಸಿಗೆ ಸ್ಪರ್ಧೆಯ ಈಜು ಮುಗಿಯಿತು. ಬಿ.ಪಿ.ಎಡ್ ಮಾಡಿಕೊಂಡು, ಯಾವ ಕೋಟಾವೂ ಇಲ್ಲದೆ, ಶಿವಮೊಗ್ಗದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿಗೆ ದೈಹಿಕ ಶಿಕ್ಷಕಿಯಾಗಿ ಸೇರಿದೆ.

ಕೆಲವು ವರ್ಷಗಳ ನಂತರ, ಎರಡು ಸಾವಿರದ ಇಸವಿ ದಾಟಿದ ಮೇಲೆ, ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ರಾಜ್ಯ ಮಟ್ಟದ ಒಂದು ಕ್ರೀಡಾಕೂಟಕ್ಕೆ ಹೋಗಿದ್ದೆ. ಆ ಮ್ಯಾನೇಜರ್ ಅಲ್ಲಿ ಮುಖ್ಯ ಅತಿಥಿ. ನಡುವಿನ ವರ್ಷಗಳಲ್ಲಿ ಇಂಥ ಕೂಟಗಳಲ್ಲಿ ಆಗೊಮ್ಮೆ ಈಗೊಮ್ಮೆ ಎದುರಾದಾಗಲೆಲ್ಲ ನಮಸ್ಕಾರ ಹೇಳಿ ಸರಿದು ಹೋಗಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೊನೆಯ ದಿನ ಹಳೆಯ ಕ್ರೀಡಾಪಟುಗಳಿಗೆ ನೆನಪಿನ ಕಾಣಿಕೆ ಕೊಡುವ ಕಾರ್ಯಕ್ರಮ ಇತ್ತು. ನನ್ನ ಹೆಸರು ಕರೆದರು. ವೇದಿಕೆ ಹತ್ತಿದಾಗ ಅವರು ಗುರುತು ಹಿಡಿದು, ಪಕ್ಕದವರಿಗೆ ನನ್ನ ಪರಿಚಯ ಮಾಡಿಕೊಟ್ಟರು. ಒಳ್ಳೆಯ ಹುಡುಗಿ, ನಮ್ಮ ಜೊತೆ ಬಂದಿದ್ದಳು, ಪಾಪ, ಎಂಟುನೂರನ್ನು ಅರ್ಧಕ್ಕೆ ಬಿಟ್ಟಳು ಅಂದರು.

"ಬಿಡಲಿಲ್ಲ ಸಾರ್. ನಿಲ್ಲಿಸಿದ್ರು. ದೂರಿನ ಕಾಗದ ನಿಮ್ಮ ಜೇಬಲ್ಲಿತ್ತು" ಅಂದೆ.

ಅವರು ನಕ್ಕರು. ಅದೆಲ್ಲ ಹಳೆಯದಾಯಿತಲ್ಲಮ್ಮ ಅಂದರು. ಕಾಣಿಕೆಯನ್ನು ನನ್ನ ಕಡೆ ಹಿಡಿದರು. ಫೋಟೋದವನು ಕಾಯುತ್ತಿದ್ದ. ನಾನು ಕೈ ಚಾಚಲಿಲ್ಲ. ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ, ಅದನ್ನು ತೊಗೊಳ್ತೀನಿ, ಇದು ಬೇಡ ಅಂತ ಹೇಳಿದೆ. ಗಟ್ಟಿಯಾಗಿ ಹೇಳಲಿಲ್ಲ, ಆದರೆ ಮುಂದಿದ್ದ ಮೈಕು ಆನ್ ಇತ್ತು. ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಮ್ಯಾನೇಜರ್ ಮುಖದ ನಗು ಹಾಗೇ ನಿಂತುಬಿಟ್ಟಿತು. ನಾನು ಮೆಟ್ಟಿಲಿಳಿದು ಬಂದೆ.

ವಾಪಸ್ ಬರುವ ಬಸ್ಸಿನಲ್ಲಿ ಜೊತೆಯ ಶಿಕ್ಷಕರು ನನ್ನನ್ನು ಬೈದರು. ಹಿರಿಯರಿಗೆ ಅವಮಾನ ಮಾಡಿದೆ, ನಾಳೆ ನಮ್ಮ ಮಕ್ಕಳ ಆಯ್ಕೆಗೆ ತೊಂದರೆಯಾದರೆ ಯಾರು ಹೊಣೆ ಅಂದರು. ಅವರ ಮಾತಿನಲ್ಲಿ ನ್ಯಾಯ ಇಲ್ಲ ಅಂತ ಹೇಳಲಾರೆ. ವೇದಿಕೆಯ ಮೇಲೆ ಹಾಗೆ ಹೇಳಿದ್ದರಿಂದ ನನಗೆ ಹಗುರವೂ ಆಗಲಿಲ್ಲ. ಸಹಿ ಮಾಡಿದ ಹಾಳೆ ಇವತ್ತಿನವರೆಗೂ ಬಂದಿಲ್ಲ, ದಾಖಲೆಯಲ್ಲಿ ಆ ಸಾಲು ಹಾಗೇ ಇದೆ. ಬಸ್ಸು ತರೀಕೆರೆ ದಾಟುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಆ ಮನುಷ್ಯನ ಮೇಲಿನ ಸಿಟ್ಟಿಗಿಂತಲೂ, ಅಷ್ಟು ವರ್ಷ ಅವರನ್ನು ಎಲ್ಲಿ ಕಂಡರೂ ಎದ್ದು ನಿಂತು ನಮಸ್ಕಾರ ಸಾರ್ ಅಂದಿದ್ದೆನಲ್ಲ, ಅದಕ್ಕೆ ಮೈ ಉರಿಯುತ್ತಿತ್ತು.